ಹತ್ತು ನಿಮಿಷ ನಿಂತ ಬಸ್ಸು

ಇಂಡಿ
೧೭ ಫೆಬ್ರವರಿ ೨೦೦೩, ಸೋಮವಾರ

ಗೆಳೆಯ ಮಶಾಕಸಾಬನಿಗೆ ರಾಚಪ್ಪನ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದ ಬಂದದ್ದು ರಮಜಾನ್ ಹಬ್ಬದ ಮರುವಾರ. ಮೊನ್ನೆ ಬಕ್ರೀದ್ ಕೂಡ ಆಗಿಹೋಯಿತು, ನಾನು ಈಗ ಪೆನ್ನು ಹಿಡಿದಿದ್ದೇನೆ. ಬೆಳಿಗ್ಗೆ ಪೇಪರ್ ಹಂಚಬೇಕು, ಮಧ್ಯಾಹ್ನ ವಿಜಾಪುರದ ಪೇಪರಿಗೆ ಸುದ್ದಿ ಬರೆದು ಕಳಿಸಬೇಕು, ಪುರುಸೊತ್ತಿಲ್ಲ ಎಂದು ಹೇಳಬಹುದು. ಆದರೆ ಆ ಕೆಲಸ ಇಪ್ಪತ್ತು ವರ್ಷದಿಂದ ಇದ್ದದ್ದೇ. ತಡವಾದದ್ದಕ್ಕೆ ಕಾರಣ ಬೇರೆ ಇದೆ. ಬರೆಯುತ್ತ ಅಲ್ಲಿಗೆ ಬರುತ್ತೇನೆ. ಜೈತುನಬಿ ಭಾಬಿಯವರ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಥಂಡಿ ಕಡಿಮೆಯಾಯಿತೆ?

"ಮನಿ ಸುದ್ದಿ ಎರಡು ಸಾಲು ಸಾಕು, ಈ ಸಲ ಯಾವ ಯಾವ ನಾಟಕ ನೋಡಿದಿ, ಯಾವುದು ಹೆಂಗಿತ್ತು, ಅದನ್ನ ಬರಿ. ನೀ ಚಲೋ ಅಂದ್ರ ಚಲೋ, ನೀ ಕೆಟ್ಟ ಅಂದ್ರ ಕೆಟ್ಟ" ಎಂದು ಬರೆದಿದ್ದೀಯ. ಮೂರು ನೋಡಿದೆ. ಮೂರನ್ನೂ ಮೊದಲಿನಿಂದ ಮಂಗಳದವರೆಗೆ ಕೂತು ನೋಡಿದ್ದೇನೆ.

ಮೊದಲನೆಯದು ಬಸವನ ಬಾಗೇವಾಡಿಯಲ್ಲಿ, 'ಗಡಿ ಕಾಯ್ದ ಗಂಡುಗಲಿ'. ಯುದ್ಧ ಮುಗಿದು ಮೂರು ವರ್ಷವಾದರೂ ನಾಟಕ ಕಂಪನಿಗಳು ಇನ್ನೂ ಗುಂಡು ಹಾರಿಸುತ್ತಿವೆ. ನಾಯಕನಿಗೆ ಗುಂಡು ತಾಗಿದ ಮೇಲೆ ಅವನು ಸಾಯಲು ಇಪ್ಪತ್ತೆರಡು ನಿಮಿಷ ತೆಗೆದುಕೊಂಡ. ಗಡಿಯಾರ ನೋಡಿಯೇ ಬರೆಯುತ್ತಿದ್ದೇನೆ. ಬಿದ್ದ, ಎದ್ದ, ತಾಯಿಯನ್ನು ನೆನೆದ, ಮತ್ತೆ ಬಿದ್ದ. ಹಿಂದಿನ ಸಾಲಿನಿಂದ ಒಬ್ಬಾತ ಕೂಗಿದ: "ಲಗೂನ ಸಾಯೋ ಮಾರಾಯಾ, ನನ್ನ ಬಸ್ಸ ಹೋಗ್ತೈತಿ!" ಸತ್ತವನೂ ನಕ್ಕ. ಅವನ ಹೊಟ್ಟೆ ಕುಣಿದದ್ದು ನನಗೆ ಕಂಡಿತು. ಪರದೆಗಳು ಮಾತ್ರ ಬಹಳ ಚೆನ್ನಾಗಿದ್ದವು. ಹಿಮದ ಬೆಟ್ಟ ನೋಡಿ ನಾನು ಶಾಲು ಹೊದ್ದುಕೊಂಡೆ.

ಎರಡನೆಯದು ಸಿಂದಗಿಯಲ್ಲಿ. ಯಾವ ಕಂಪನಿ ಗೊತ್ತೇ? ತೊಂಬತ್ತರಲ್ಲಿ ಅಲ್ಲಿ ಕ್ಯಾಂಪ್ ಹಾಕಿತ್ತಲ್ಲ, ಅದೇ. ಹಳೆಯ ಮಾಲೀಕರು ತೀರಿಕೊಂಡಿದ್ದಾರೆ, ಈಗ ಮಗ ನಡೆಸುತ್ತಾನೆ. ನಾಟಕದ ಹೆಸರು 'ಬಾಡಿಗಿ ಅಳಿಯ'. ಹಾಸ್ಯ ಹೆಚ್ಚು, ಕಥೆ ಕಡಿಮೆ, ಅದನ್ನೂ ಸಹಿಸಬಹುದು. ಆದರೆ ಹಾಡುಗಳು ಟೇಪಿನವು, ಮಶಾಕ. ಹಾಡು ಒಳಗೆ ತಿರುಗುತ್ತದೆ, ನಟ ಹೊರಗೆ ತುಟಿ ಆಡಿಸುತ್ತಾನೆ. ನಮ್ಮ ವಯಸ್ಸಿನ ಒಬ್ಬರು ಹಳೆಯ ರೂಢಿಯಂತೆ "ಒನ್ಸ್ ಮೋರ್" ಎಂದು ಕೂಗಿಬಿಟ್ಟರು. ಒಳಗಿದ್ದವರು ಟೇಪು ಹಿಂದಕ್ಕೆ ಓಡಿಸಿದರು. ಇಲಿ ಚೀರಿದಂತೆ ಸದ್ದು. ಅಷ್ಟು ಹೊತ್ತೂ ಆ ಹುಡುಗ ಎದೆಯ ಮೇಲೆ ಕೈ ಇಟ್ಟು, ಬಾಯಿ ತೆರೆದು ನಿಂತೇ ಇದ್ದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆಮೇಲೆ ನಗು ಮುಂದುವರಿಯಲಿಲ್ಲ.

ನಾವು ರಾತ್ರಿಯೆಲ್ಲ ನಾಟಕ ನೋಡಿ ಬೆಳಗಿನ ಹೊತ್ತು ಝಳಕಿ ಕ್ರಾಸಿನಲ್ಲಿ ಲಾರಿ ಕಾಯುತ್ತ ಕೂತಿದ್ದು ನೆನಪಾಯಿತು. ನೀನು ಸುಮ್ಮನೆ ಹಲ್ಲುಕಡ್ಡಿ ಜಗಿಯುತ್ತ ಹಾಡಿಕೊಳ್ಳುತ್ತಿದ್ದೆ. ಚಹಾದ ಅಂಗಡಿಯವನು ಸ್ಟೋವ್ ಆರಿಸಿ, "ಅದರ ಸಪ್ಪಳದಾಗ ಕೇಳ್ಸವಲ್ದು, ಮೊದಲಿಂದ ಅನ್ರಿ" ಅಂದಿದ್ದ. ಚಹಾ ಕುಡಿಯದೆ ಲಾರಿ ಹತ್ತಿದೆವು.

ಮೂರನೆಯದು ಮುದ್ದೇಬಿಹಾಳದಲ್ಲಿ, ಭಾನುವಾರ ಮಧ್ಯಾಹ್ನದ ಆಟ, 'ಟ್ರಂಕಿನ್ಯಾಗಿನ ತಾಳಿ'. ಇದನ್ನು ನೀನು ನೋಡಬೇಕಿತ್ತು. ಅತ್ತೆಯ ಪಾತ್ರದ ಹೆಣ್ಣುಮಗಳು ಸೊಸೆಗೆ ಕೀಲಿ ಕೊಡುವ ಮುಂಚೆ ಅದನ್ನು ಸೆರಗಿನಿಂದ ಒರೆಸುತ್ತಾಳೆ, ಅಷ್ಟೇ, ಒಂದು ಮಾತಿಲ್ಲ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ತಡೆಯಲಾರದೆ, "ಕೊಡಬ್ಯಾಡ ಯವ್ವಾ, ಅಕಿ ಕೈಯಾಗ ಕೀಲಿ ಕೊಡಬ್ಯಾಡ!" ಅಂದಳು. ನಟಿ ತಿರುಗಿ, "ಏನ್ ಮಾಡ್ಲೆವ್ವಾ, ಹಡದ ಮಗನೇ ಅಕೀ ಕಡಿಗಿ ಅದಾನ" ಎಂದು ಕೀಲಿ ಕೊಟ್ಟೇಬಿಟ್ಟಳು. ಥಿಯೇಟರಿನ ತಗಡು ಹಾರಿಹೋಗುವಷ್ಟು ಚಪ್ಪಾಳೆ. ಆ ಒಂದು ಮಾತು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ನಾನು ಪಕ್ಕಕ್ಕೆ ತಿರುಗಿ "ನೋಡಿದ್ಯಾ?" ಎಂದೆ. ಪಕ್ಕದಲ್ಲಿ ಕೂತಿದ್ದವರು ಯಾರೋ ಎಲ್‌ಐಸಿ ಏಜೆಂಟರು. "ಏನ್ರಿ?" ಅಂದರು.

ಮರುದಿನ ನಾಲತವಾಡಕ್ಕೆ ಹೋಗಿ ನಿನ್ನ ತಂಗಿ ರಹಿಮಾಬಿಯನ್ನು ಕಂಡೆ. ಚಹಾ ಕೊಟ್ಟು ಎದುರಿಗೆ ಕೂತು ಹೇಳಿದಳು: "ಅಣ್ಣಾ, ನೀನರ ಆತಗ ಒಂದಿಷ್ಟು ಹೇಳು. ಮೊಮ್ಮಗಳನ್ನ ತೊಟ್ಟಲಾಗ ಹಾಕಿದ ದಿನಾ ನಾವೆಲ್ಲಾ ಕೈ ಮುಗದು ಕೇಳಿದ್ವಿ, ಒಂದು ಹಾಡು ಅನ್ನು ಅಂತ. ಬಾಯಿ ಬಿಡಲಿಲ್ಲ. 'ರಾಚಪ್ಪನೇ ಬರದಾನ, ನನ್ನ ದನಿ ಒಡದೈತಿ ಅಂತ. ಗೆಳ್ಯಾ ಅಂತ ಅಂವ ಮುಚ್ಚಿಡಲಿಲ್ಲ ನೋಡು, ಅದು ಖರೇ ಗೆಳೆತನ' ಅಂದ. ಆ ಪೇಪರಿನ ತುಣುಕು ಇನ್ನೂ ಹೊಲಿಗಿ ಮಶೀನಿನ ಖಾನೆದಾಗ ಐತಿ."

ಆ ಚಹಾ ನಾನು ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಅದು ಜನವರಿಯ ಮಾತು. ಆ ಮೇಲೆ ನಾಲ್ಕು ಸಲ ಈ ಕಾಗದ ಶುರು ಮಾಡಿದ್ದೇನೆ.

ಇನ್ನೊಂದು ಸುದ್ದಿ. ನಮ್ಮ ತರುಣ ನಾಟ್ಯ ಸಂಘದವರು ಯುಗಾದಿಯ ಮುಂದಿನ ಭಾನುವಾರ ಇಂಡಿಯಲ್ಲಿ ಮತ್ತೆ ಆಟ ಇಟ್ಟುಕೊಂಡಿದ್ದಾರೆ. ತರುಣರು ಯಾರೂ ಉಳಿದಿಲ್ಲ, ಹೆಸರು ಮಾತ್ರ ಹಾಗೇ ಇದೆ. ಹಾರ್ಮೋನಿಯಂ ಪೇಟಿ ಬಾರಿಸಲು ಮಾನಪ್ಪ ಮಾಸ್ತರರನ್ನು ಕೇಳಲು ಹೋದೆವು. ಎಪ್ಪತ್ತನಾಲ್ಕು ವರ್ಷ, ಕಣ್ಣು ಮಂಜು. ಬೆರಳು ಹಾಗೇ ಇವೆ. "ನಾಂದಿ ಮಶಾಕ ಹಾಡಿದ್ರ ಪೇಟಿ ಮುಟ್ಟತೇನಿ. ಇಲ್ಲಂದ್ರ ಆ ಕ್ಯಾಸಿಯೋ ಬಾರಸಾವನ್ನ ಹಿಡಕೊಂಡ ಬರ್ರಿ, ನನಗ ಯಾಕ ಕಾಡ್ತೀರಿ?" ಎಂದು ಮುಖ ತಿರುಗಿಸಿ ಕೂತರು. ನಿನ್ನ ಹೆಸರನ್ನು ಹ್ಯಾಂಡ್‌ಬಿಲ್ಲಿನಲ್ಲಿ ಹಾಕಲೋ ಬೇಡವೋ ಎಂದು ಪ್ರೆಸ್ಸಿನವರು ಕೇಳುತ್ತಿದ್ದಾರೆ. ಆ ಸಾಲಿನ ಜಾಗ ಖಾಲಿ ಬಿಡಲು ಹೇಳಿದ್ದೇನೆ.

ಬಾ, ಮಶಾಕ. ನಾಂದಿ ಒಂದು ಹಾಡು, ಅಷ್ಟೇ ಸಾಕು.

ಭಾಬಿಯವರಿಗೆ ನಮಸ್ಕಾರ. ಮೊಮ್ಮಗಳು ನೂರು ವರ್ಷ ಬಾಳಲಿ, ಅವಳ ದನಿ ಅವಳ ಅಜ್ಜನಂತಾಗಲಿ.

ನಿನ್ನ
ರಾಚಪ್ಪ

ತಾ.ಕ.: ಕೊನೆಯ ಸಾಲು ಲೋಕರೂಢಿಗೆ ಬರೆದದ್ದಲ್ಲ. ನಿನ್ನ ದನಿ ಒಡೆದಿರಲಿಲ್ಲ. ತೊಂಬತ್ತರಲ್ಲಿ ನಮ್ಮ ಸಂಘದ ಆಟದಲ್ಲಿ ನೀನು ಹಾಡಿದ ದಿನ ಮೂರು ಒನ್ಸ್ ಮೋರ್ ಬಿದ್ದವು, ಮೂರನೆಯದನ್ನು ಕೂಗಿದವನು ನಾನೇ. ಸಿಂದಗಿ ಕಂಪನಿಯ ಮಾಲೀಕರು ನಿನ್ನ ಕೈ ಹಿಡಿದು, "ಪೇಪರಿನ್ಯಾಗ ಹೆಂಗ ಬರ್ತೈತಿ ನೋಡೂಣ್ರಿ, ಅದನ್ನ ಹ್ಯಾಂಡ್‌ಬಿಲ್ಲಿಗೆ ಹಾಕಿ ನಿಮ್ಮನ್ನ ಕರಸ್ಕೋತೇನಿ" ಅಂದರು. ನೀನು ನನ್ನ ಹೆಗಲಿಗೆ ಗುದ್ದಿ, "ಲೇ ರಾಚ್ಯಾ, ನಾಕ ಸಾಲ ಹೆಚ್ಚಿಗಿ ಬರಿಯಲೇ" ಅಂದೆ. ನೀನು ಊರೂರು ಕ್ಯಾಂಪಿಗೆ ಹೋದರೆ ನಾನು ಯಾರ ಪಕ್ಕದಲ್ಲಿ ಕೂತು ನಾಟಕ ನೋಡಲಿ ಎಂಬ ಒಂದೇ ಯೋಚನೆ ನನಗೆ. "ಮಶಾಕಸಾಬರ ದನಿ ಒಡೆದಿದೆ, ಮೇಲಿನ ಸ್ವರ ಮುಟ್ಟಲಿಲ್ಲ" ಎಂದು ಬರೆದು, ಎಂದಿನಂತೆ ಕವರನ್ನು ವಿಜಾಪುರ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಅವನು ಚಹಾ ಕುಡಿಯಲು ಹೋದ. ಬಸ್ಸು ಹತ್ತು ನಿಮಿಷ ನಿಂತಿತ್ತು. ಕವರು ಅವನ ಸೀಟಿನ ಮೇಲೆ, ಕಿಟಕಿಯಿಂದ ಕೈಗೆ ಸಿಗುವಷ್ಟು ಹತ್ತಿರ ಇತ್ತು. ನಾನು ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ನಾನು ಬರೆದ ಸುಳ್ಳು ವರದಿ ಅದೊಂದೇ.

ಆರು ತಿಂಗಳಲ್ಲಿ ನೀನು ಹೇಗೂ ಸೊಲ್ಲಾಪುರಕ್ಕೆ ಹೊರಟುಹೋದೆ. ಕಂಪನಿಗಾದರೂ ಹೋಗಿದ್ದರೆ ವರ್ಷಕ್ಕೊಮ್ಮೆ ಸಿಂದಗಿಗೆ ಬರುತ್ತಿದ್ದೆ.

ಈ ಕಾಗದವನ್ನು ನಾಲ್ಕೂವರೆಯ ಸೊಲ್ಲಾಪುರ ಬಸ್ಸಿಗೆ ಕೊಡುತ್ತೇನೆ. ಅದೂ ಹತ್ತು ನಿಮಿಷ ನಿಲ್ಲುತ್ತದೆ. ಬಸ್ಸು ಹೊರಡುವವರೆಗೂ ಕಿಟಕಿಯ ಹತ್ತಿರ ಹೋಗದೆ ದೂರವೇ ನಿಲ್ಲಬೇಕು ಅಂದುಕೊಂಡಿದ್ದೇನೆ.