ಬಾಗಿಲಮ್ಮನನ್ನು ಯಾರೂ ಕೇಳಲಿಲ್ಲ

ಬಳ್ಳಾರಿ
ಫೆಬ್ರವರಿ ೩೦, ೨೧೬೩

ಮಾನ್ಯ ಯೋಜನಾಧಿಕಾರಿ ವಾಮದೇವಯ್ಯನವರಿಗೆ,

ನಿಮ್ಮ ಕಾಲದ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲ. ನಮ್ಮ ಬೇಸಿಗೆ ಎಷ್ಟು ಉದ್ದವಾಗಿದೆಯೆಂದರೆ ತಿಂಗಳುಗಳ ದಿನಗಳನ್ನೇ ಹೊಸದಾಗಿ ಹಂಚಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಮಿಕ್ಕದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಇಲ್ಲಿ ಬೆಳಗಿನ ಹತ್ತಕ್ಕೆಲ್ಲ ಬೀದಿಗಳು ಖಾಲಿ. ಮಕ್ಕಳ ಶಾಲೆ ಅಷ್ಟರಲ್ಲಿ ಬಿಟ್ಟಿರುತ್ತದೆ, ಒಲೆ ಆರಿರುತ್ತದೆ. ಮುದುಕರು, ಬಾಣಂತಿಯರು ಬಿಸಿಲು ಇಳಿಯುವ ತನಕ ಓಣಿಯ ತಂಪುಮನೆಯಲ್ಲಿ ಕೂರುತ್ತಾರೆ. ನೆಲದಡಿ ತೋಡಿದ ದೊಡ್ಡ ಹಜಾರವದು. ಮಂಡಕ್ಕಿ ಹಂಚಿಕೊಳ್ಳುತ್ತಾರೆ, ಚೌಕಾಬಾರ ಆಡುತ್ತಾರೆ, ಸೊಸೆಯರ ಮೇಲೆ ಚಾಡಿ ಹೇಳುತ್ತಾರೆ. ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವವಳನ್ನು ಬಾಗಿಲಮ್ಮ ಅನ್ನುತ್ತೇವೆ. ಹತ್ತೊಂಬತ್ತು ವರ್ಷ ನಮ್ಮ ಓಣಿಯ ಬಾಗಿಲಮ್ಮ ಈ ಮಾರೆಕ್ಕನೇ.

ಬಾಗಿಲು ಬಿಟ್ಟು ಏಳಬಾರದು ಎಂಬುದು ನಿಯಮ. ನಾನು ದಿನಾ ಏಳುತ್ತಿದ್ದೆ. ಬರದವರ ಮನೆಗೆ ಹೋಗಿ ಕರೆತರುತ್ತಿದ್ದೆ. ಹುಲಿಗೆಮ್ಮಜ್ಜಿಯಂತೂ ಒಂದು ದಿನವೂ ತಾನಾಗಿ ಬಂದವಳಲ್ಲ. "ಬಂದ್ಯಾ ತಾಯಿ? ಇನ್ನೊಂದು ಚಪ್ಲಿ ಸಿಗವಲ್ದು ನೋಡು, ಇಲ್ಲಂದ್ರ ನಾನೇ ಬರ್ತಿದ್ದೆ" ಎಂದು ನನ್ನ ಹೆಗಲು ಹಿಡಿಯುತ್ತಿದ್ದಳು. ಇದನ್ನು ನಾನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಬರೆದಿದ್ದರೆ ಕೆಲಸ ಹೋಗುತ್ತಿತ್ತು.

ಹೋದ ತಿಂಗಳು ತಂಪುಮನೆ ನಡೆಸುವ ಮಂಡಳಿಯವರು ಬಾಗಿಲಮ್ಮಂದಿರನ್ನು ತೆಗೆದು ಕ್ಯಾಮೆರಾ ಇಡಲು ಹೊರಟರು. ಹೀಗೆ ಮಾಡಿದರೆ ಎಲ್ಲೆಲ್ಲಿ ಯಾರಿಗೆ ಏನಾಗುತ್ತದೆ ಎಂದು ಮೊದಲು ತಿಳಿಯಬೇಕಲ್ಲ? ಅದಕ್ಕೆ ನಮ್ಮನ್ನು ಕರೆಯಲಿಲ್ಲ, ನಮ್ಮ ಪಡಿನೆರಳುಗಳನ್ನು ಕೇಳಿದರು. ನಿಮ್ಮ ಕಾಲದಲ್ಲಿ ಎಐ ಏಜೆಂಟ್ ಅನ್ನುತ್ತೀರಲ್ಲ, ಅದೇ. ಒಬ್ಬೊಬ್ಬ ನೌಕರರ ಕಡತ ಓದಿಸಿ, ಅವರ ಪರವಾಗಿ ಉತ್ತರ ಹೇಳಲು ಕೂರಿಸಿರುತ್ತಾರೆ. ಹೆಸರು ಬರೆಯುವುದಷ್ಟೇ ಇವಳ ಕೆಲಸ, ತೆಗೆದರೆ ತೊಂದರೆಯಿಲ್ಲ ಎಂದಿತು ನನ್ನ ಪಡಿನೆರಳು. ಪಾಪ, ಅದಕ್ಕೆ ಗೊತ್ತಿದ್ದದ್ದೇ ಅಷ್ಟು. ಆದರೂ ಕೊನೆಗೆ ಒಂದು ಸಾಲು ಸೇರಿಸಿತ್ತು: "ಈ ಓಣಿಯಲ್ಲಿ ಬಿಸಿಲಿಗೆ ಯಾರೂ ಸತ್ತಿಲ್ಲ. ಕಾರಣ ನನಗೆ ತಿಳಿಯದು. ಮಾರೆಕ್ಕನನ್ನೇ ಕರೆದು ಕೇಳಿ."

ಮಂಡಳಿಯ ಅಧಿಕಾರಿ ಆ ಸಾಲನ್ನು ಹೊಡೆದುಹಾಕಿದ. ನನ್ನನ್ನು ಮನೆಗೆ ಕಳಿಸಿದ ನಾಲ್ಕನೇ ದಿನ ಹುಲಿಗೆಮ್ಮಜ್ಜಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ತನ್ನ ಮನೆಯ ಹೊಸ್ತಿಲೊಳಗೆ ಕೂತಲ್ಲೇ ಸತ್ತಿದ್ದಳು. ನಾನು ಬರುತ್ತೇನೆಂದು ಕಾದಿದ್ದಳು. ಕ್ಯಾಮೆರಾಗೆ ಬಂದವರಷ್ಟೇ ಕಾಣುತ್ತಾರೆ ಸ್ವಾಮಿ.

ಆ ಅಧಿಕಾರಿಯ ಕೊರಳಪಟ್ಟಿ ಹಿಡಿದು ಕೇಳಿದೆ. ನೆರಳನ್ನು ಕೇಳಿದರೆ ಮನುಷ್ಯರನ್ನು ಕೇಳಿದಂತೆಯೇ ಎಂಬ ಹಳೆಯ ನಿಯಮವೊಂದನ್ನು ತೋರಿಸಿದ. ಅದನ್ನು ಮೊದಲು ಬರೆದವರು ಯಾರೆಂದು ದಾಖಲೆಮನೆಯಲ್ಲಿ ಮೂರು ದಿನ ಹುಡುಕಿದೆ. ನೀವು. ನಿಮ್ಮ ಸಂಸ್ಥೆಯ ಎರಡು ವಿಭಾಗಗಳನ್ನು ಒಂದು ಮಾಡುವಾಗ ನಿಮ್ಮ ಏಜೆಂಟ್ ಕೂಡ, ಈ ಹನ್ನೊಂದು ಮಂದಿ ನೌಕರರನ್ನು ಖುದ್ದಾಗಿ ಕೇಳಿ ಎಂದು ಬರೆದಿತ್ತು. ನೀವು ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ "ಸಮಯವಿಲ್ಲ" ಎಂದು ಬರೆದಿರಿ. ಏಜೆಂಟನ್ನು ಕೇಳಿದ್ದೇ ಸಾಕು ಎಂದು ಅದನ್ನೇ ನಿಯಮ ಮಾಡಿದಿರಿ. ಹನ್ನೊಂದು ಜನರನ್ನು ಕೇಳಲು ಒಂದು ಮಧ್ಯಾಹ್ನ ಸಾಕಿತ್ತು. ನಿಮಗೆ ನಾಚಿಕೆಯಾಗಬೇಕು.

ನೀವು ಆ ಗೀಟು ಎಳೆಯುವ ಮುಂಚೆಯೇ ಕೈಸೇರಲೆಂದು ಈ ಪತ್ರವನ್ನು ನಿಮ್ಮ ಕಾಲಕ್ಕೆ ಕಳಿಸುತ್ತಿದ್ದೇನೆ. ಪೆನ್ನು ಕೆಳಗಿಡಿ. ಕುರ್ಚಿಯಿಂದ ಎದ್ದು ಆ ಹನ್ನೊಂದು ಮಂದಿಯ ಹತ್ತಿರ ಹೋಗಿ. ಹೇಳಿದ್ದಕ್ಕೆ ಕೆಲಸ ಕಳೆಯುವುದಿಲ್ಲ ಎಂದು ಮೊದಲು ಮಾತು ಕೊಡಿ. ಆಮೇಲೆ, ನಿಯಮ ಮೀರಿ ದಿನಾ ಏನು ಮಾಡುತ್ತೀರಿ ಎಂದು ಕೇಳಿ.

ಇನ್ನು ನಿಲ್ಲಿಸುತ್ತೇನೆ. ಅಜ್ಜಿ ಸತ್ತಂದಿನಿಂದ, ಕೆಲಸವಿಲ್ಲದಿದ್ದರೂ, ತಂಪುಮನೆಯ ಎದುರಿನ ಬೇವಿನ ಮರದಡಿ ಕೂತು ಒಳಗೆ ಹೋಗುವವರನ್ನು ಎಣಿಸುತ್ತೇನೆ. ಈಗ ಹತ್ತೂವರೆ. ಇವತ್ತು ಇಬ್ಬರು ಬಂದಿಲ್ಲ.

ಸಿ. ಮಾರೆಕ್ಕ