ದಾರದ ಇನ್ನೊಂದು ತುದಿ

ಅಂಗಡಿಯ ಮಹಡಿಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು, ಆರಾಧನೆ ಮುಗಿಸಿ ಬಂದ ಮೇಲೆ

ಪ್ರೀತಿಯ ಟೀಚರಮ್ಮ,

ದೇವರ ಮುಂದೆ ಒಪ್ಪಿಕೊಳ್ಳುವ ಮೊದಲು ನಿನ್ನ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ; ಇಬ್ಬರಲ್ಲಿ ಬೇಗ ಕ್ಷಮಿಸುವವರು ಯಾರು ಎಂದು ಗೊತ್ತಿದ್ದೂ. ಊರಿನ ಅರ್ಧ ಅಂಗಡಿಗಳ ಹಣೆಬರಹ ಬರೆದವನು, ಚರ್ಚಿನ ಮೂರನೇ ಬೆಂಚಿನ ಗೌರವಸ್ಥ, ನಿನ್ನ ಗಂಡ, ಕಳ್ಳನಾಗಿದ್ದಾನೆ. ಕದ್ದ ಮಾಲು: ಆಸ್ಪತ್ರೆಯ ಬೋರ್ಡು, ಒಂದು. ಅದನ್ನು ಮುಚ್ಚಲು ಹಲಗೆಗೆ ಗೆದ್ದಲು ಹಿಡಿದಿತ್ತೆಂಬ ಸುಳ್ಳು, ಅದೂ ಒಂದು. ವಿವರ ಆಮೇಲೆ ಹೇಳುತ್ತೇನೆ. ಕ್ಷೇಮ ವಿಚಾರಿಸದೆ ತಪ್ಪೊಪ್ಪಿಗೆ ಕೊಡುವಷ್ಟು ನಾನಿನ್ನೂ ಕೆಟ್ಟಿಲ್ಲ.

ನೀನು ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಅತ್ತೆಯವರ ಮೊಣಕಾಲು ಮೆಟ್ಟಿಲಿಗೆ ಒಗ್ಗಿತೇ? ಅವರು ಬಡಿಸಿದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಊಟವಾಯಿತು ಎನ್ನಬೇಡ. ನಮ್ಮ ಮಗಳು ಆ ವಿದ್ಯೆ ಕಲಿತದ್ದು ಯಾರಿಂದ ಎಂದು ನನಗೆ ಗೊತ್ತಿದೆ. ನೀನು ಬ್ಯಾಗು ಹಿಡಿದು ಹೊರಡುವಾಗ ಆಡಿದ ಮಾತು ಇನ್ನೂ ಹೊಸ್ತಿಲಲ್ಲೇ ನಿಂತಿದೆ. "ಮಗು ಹೋದ ಮನೇಲೂ ನೀವು ಜೋಕ್ ಮಾಡ್ತೀರ. ನಿಮ್ಮ ಪಕ್ಕ ಕೂತು ಅಳೋಕೂ ಆಗಲ್ಲ ರೀ. ಅಮ್ಮನ ಹತ್ರ ಇರ್ತೀನಿ." ಎಷ್ಟು ದಿನ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ಆ ಮಾತನ್ನು ಎಡವದಂತೆ ದಾಟಿ ಅಂಗಡಿಗೆ ಇಳಿಯುತ್ತೇನೆ.

ನನ್ನ ಚಿಂತೆ ನಿನಗೆ ಬೇಡ. ನಾನು ಗಟ್ಟಿಯಾಗಿದ್ದೇನೆ. ಚುಕ್ಕಿಯನ್ನು ಮಣ್ಣಿಗೆ ಕೊಟ್ಟ ದಿನದಿಂದ ಇವತ್ತಿನವರೆಗೆ ಒಂದು ಹನಿ ಕಣ್ಣೀರು ಹಾಕಿಲ್ಲ. ಇವತ್ತು ಪಾದ್ರಿಗಳು ಪ್ರಸಂಗದ ನಡುವೆ ನನ್ನತ್ತ ಕೈ ತೋರಿಸಿ, ನಿರೀಕ್ಷೆ ಇರುವವರು ದುಃಖದಲ್ಲಿ ಹೇಗೆ ನಿಲ್ಲುತ್ತಾರೆಂದು ಈ ಸಹೋದರನನ್ನು ನೋಡಿ ಕಲಿಯಿರಿ ಎಂದರು. ಇಡೀ ಸಭೆ ತಿರುಗಿ ನೋಡಿತು. ಜೀವಮಾನವೆಲ್ಲ ಬೋರ್ಡು ಬರೆದವನು ಕಡೆಗೆ ತಾನೇ ಒಂದು ಬೋರ್ಡಾಗಿ ನೆಟ್ಟಗೆ ಕೂತೆ. ಚುಕ್ಕಿಯ ಸಮಾಧಿಯ ಶಿಲುಬೆಯೂ ಮುಗಿದಿದೆ. ಬಿಳಿ ಬಣ್ಣ ಎರಡು ಕೋಟು, ಮೇಲೆ ನೀಲಿಯಲ್ಲಿ ಅವಳ ಹೆಸರು. ಅಷ್ಟು ನೆಟ್ಟಗಿನ ಅಕ್ಷರ ಈ ಕೈಯಿಂದ ಹಿಂದೆ ಬಂದಿಲ್ಲ. ನೀನು ನೋಡಿದರೆ ಒಂದು ತಪ್ಪೂ ಸಿಗದೆ ಟೀಚರಾಗಿ ನಿನಗೆ ಬೇಸರವೇ ಆದೀತು.

ಇನ್ನು ಕಳ್ಳತನ. ಆಸ್ಪತ್ರೆಯವರು ಹಳೆಯ ಬೋರ್ಡುಗಳನ್ನು ಹೊಸ ಬಣ್ಣಕ್ಕೆ ಕಳಿಸಿದ್ದರು. ಅದರಲ್ಲಿ 'ನಿರೀಕ್ಷಣಾ ಕೊಠಡಿ'ಯೂ ಇತ್ತು. ನಾವು ಮೂವರೂ ಅಷ್ಟು ದಿನ ಕೂತಿದ್ದ ಆ ಕೋಣೆಯದೇ. ಪಕ್ಕದ ಬಾಗಿಲು 'ಪರೀಕ್ಷಾ ಕೊಠಡಿ'. ಒಂದು 'ಉಪೇಕ್ಷಾ ಕೊಠಡಿ'ಯೂ ಇದ್ದಿದ್ದರೆ ಆಸ್ಪತ್ರೆ ಪೂರ್ತಿಯಾಗುತ್ತಿತ್ತು ಎಂದು ಆಗ ನಾನು ಅಂದೆ, ನೀನು ಮುಖ ತಿರುಗಿಸಿದೆ. ನಮ್ಮ ಚುಕ್ಕಿ ಮಾತ್ರ ತಲೆಯೆತ್ತಿ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಆಮೇಲೆ ಕೇಳಿದಳಲ್ಲ, "ಅಮ್ಮ, ಇದು ನಿರೀಕ್ಷೆ ರೂಮು. ನಂಬಿಕೆ ರೂಮು, ಪ್ರೀತಿ ರೂಮು ಎಲ್ಲಿದೆ?" ಭಾನುವಾರದ ಶಾಲೆಯಲ್ಲಿ ನೀನು ಕಲಿಸಿದ ನಂಬಿಕೆ, ನಿರೀಕ್ಷೆ, ಪ್ರೀತಿ ಮೂರನ್ನೂ ಅವಳು ಆಸ್ಪತ್ರೆಯ ಬಾಗಿಲುಗಳ ಮೇಲೆ ಹುಡುಕುತ್ತಿದ್ದಳು. ಎದುರು ಬೆಂಚಿನ, ಕೈ ಮುರಿದ ಲಾರಿ ಡ್ರೈವರು ಕೂಡ ನೋವು ಮರೆತು ನಕ್ಕ. ನೀನು ಅವಳ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದು, "ಎಲ್ಲಾ ಇಲ್ಲೇ ಇದೆ ಕಣೇ. ಹೆಸರು ಕರೀತಾರೆ, ಅಲ್ಲಿವರೆಗೂ ಕೂತಿರೋಣ" ಎಂದೆ. ಆ ಪದವನ್ನು ಬರೆದವನು ನಾನು. ಓದಿದವರು ನೀವಿಬ್ಬರು.

ಹಳೆಯ ಬಣ್ಣ ಕೆರೆಯಲು ಕೂತಾಗ ಹಲಗೆಯ ಬಲ ಅಂಚಿನಲ್ಲಿ ಒಂದು ಗುಳಿ ಕಂಡಿತು. ನೀಲಿ ಪುಡಿ ಹಚ್ಚಿದ ದಾರವನ್ನು ಹಲಗೆಗೆ ಅಡ್ಡಲಾಗಿ ಬಿಗಿದು, ನಡುವೆ ಎಳೆದು ಬಿಟ್ಟರೆ ಗೆರೆ ಬೀಳುತ್ತದೆ, ಆ ಗೆರೆಯ ಮೇಲೆ ಅಕ್ಷರ ಕೂರುತ್ತದೆ. ನೀನು ನೂರು ಸಲ ನೋಡಿದ್ದೀಯ. ಒಂದು ತುದಿ ನನ್ನದು, ಇನ್ನೊಂದು ಅವಳದು. ಬಿಳಿ ಬಣ್ಣ ಆರುವುದಕ್ಕೂ ಬಿಡದೆ ಹೆಬ್ಬೆರಳು ಒತ್ತಿ, "ಹಿಡ್ಕೊಂಡಿದೀನಪ್ಪ, ನೀನು ಬಿಡು" ಅನ್ನುತ್ತಿದ್ದಳು. ಆ ಹೆಬ್ಬೆರಳೇ ಅದು. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಹೆಸರು ಬರೆಯಲು ಬರುತ್ತಿದ್ದ ನಮ್ಮ ಮಗಳು ಯಾಕೆ ಒತ್ತಿಹೋದಳೋ. ಕೆರೆಯಲಾಗಲಿಲ್ಲ. ಬೇರೆ ಹಲಗೆಗೆ ಬರೆದು ಕೊಟ್ಟು, ಇದನ್ನು ಮಹಡಿಗೆ ಹೊತ್ತು ತಂದೆ. ಈಗ ಊಟದ ಮೇಜಿನ ಮೇಲೆ, ಅವಳು ಕೂರುತ್ತಿದ್ದ ಕಡೆ ಇದೆ.

ಅವಳ ಹೆಸರನ್ನು ಒಂದು ದಿನ ಕರೆಯುತ್ತಾರೆ ಎಂದು ನಾನು ನಂಬುತ್ತೇನೆ, ಟೀಚರಮ್ಮ. ನಮ್ಮ ಹೆಸರನ್ನೂ. ಇದರಲ್ಲಿ ಹಾಸ್ಯವಿಲ್ಲ. ಕರೆಯುವವನು ಯಾರನ್ನೂ ಮರೆಯುವವನಲ್ಲ. ಆದರೆ ಬೆಂಚು ತುಂಬಾ ಗಟ್ಟಿಯಿದೆ, ಪಕ್ಕದ ಜಾಗ ಖಾಲಿಯಿದೆ.

ಅತ್ತೆಯವರಿಗೆ ನನ್ನ ನಮಸ್ಕಾರ. ಕರ್ತನು ನಿನ್ನ ನಿದ್ದೆಯನ್ನು ಕಾಯಲಿ.

ನಿನ್ನವನೇ ಆದ
ಕಳ್ಳ
(ಕರ್ತನ ಶಿಲುಬೆಯ ಬಲಗಡೆ ಕ್ಷಮೆ ಬೇಡಿದವನೋ ಎಡಗಡೆ ಅಣಕಿಸಿದವನೋ, ನೀನೇ ಹೇಳಬೇಕು)

ಬರೆಯದೆ ಬಿಟ್ಟದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಶಿಲುಬೆಯ ಮೇಲೆ ಹೆಸರಿಲ್ಲ. ಬರೀ ಬಿಳಿ. ದಾರದ ಆ ತುದಿಯನ್ನು ಮೊಳೆಗೆ ಕಟ್ಟಿ ನೋಡಿದೆ. ಮೊಳೆ ಬಿಗಿಯಾಗಿಯೇ ಹಿಡಿಯುತ್ತದೆ, ಆದರೆ 'ನೀನು ಬಿಡು' ಅನ್ನುವುದಿಲ್ಲ. ಎಳೆದ ದಾರವನ್ನು ಬಿಡಲು ನನ್ನಿಂದ ಆಗಲಿಲ್ಲ. ಗೆರೆಯಿಲ್ಲದೆಯೇ ಮೊದಲ ಅಕ್ಷರ ಬರೆದೆ, ಸೊಟ್ಟಗಾಯಿತು, ಅಳಿಸಿದೆ. ಇಷ್ಟು ವರ್ಷ ಅಕ್ಷರಗಳನ್ನು ಅಳಿಸಿದವನನ್ನು ಆ ಒಂದು ಅಕ್ಷರ ಅಳಿಸಿತು. ಇನ್ನೊಂದು ತುದಿ ಹಿಡಿಯಲು ಬರುತ್ತೀಯಾ? ಪಕ್ಕ ಕೂತು ಅಳೋಕಾಗಲ್ಲ ಅಂದಿದ್ದೆ ನೀನು. ಈಗ ಆಗುತ್ತದೆ. ನಂಬಿಕೆ ಬಾರದಿದ್ದರೆ ಪಕ್ಕದಂಗಡಿಯ ದರ್ಜಿಯನ್ನು ಕೇಳು. ಒಳಗೆ ನಾಯಿಯೊಂದು ಸಿಕ್ಕಿಹಾಕಿಕೊಂಡು ಊಳಿಡುತ್ತಿದೆ ಎಂದು, ಕೈಯಲ್ಲಿ ಬಿಸ್ಕತ್ತು ಹಿಡಿದು ನಮ್ಮ ಶಟರು ಎತ್ತಿದವನು ಅವನೇ.