ಅಜ್ಜನ ಪಾಲಿನ ಮೊದಲ ಗುಟುಕು

ಮ್ಯೂನಿಕ್ ಹತ್ರದ ಹಳ್ಳಿ, ಜರ್ಮನಿ
12 ಸೆಪ್ಟೆಂಬರ್ 2004

ಪ್ರೀತಿಯ ಅಜ್ಜಾ,

ನಿನ್ನ ಪವಿಯ ಶರಣು. ಮೊಣಕಾಲು ಈಗ ಹೆಂಗೈತಿ? ಇನ್ನೂ ಬೋರ್‌ವೆಲ್ ಲಾರಿ ಹತ್ತತೀ ಅಂತ ಸಿದ್ದಕ್ಕ ಅತ್ತಿ ಫೋನಿನಾಗ ಬೈಯಾಕತ್ತಿದ್ಲು. ಹತ್ತಬ್ಯಾಡ. ಕೆಳಗ ಕುರ್ಚಿ ಹಾಕ್ಕೊಂಡು ಹುಡುಗರಿಗೆ ಬೈ, ಅದು ನಿನಗ ಚೊಲೋ ಬರ್ತೈತಿ. ಅಪ್ಪನ ಹೆಸರು ತಗದ್ರ ನೀ ಫೋನ್ ಇಡ್ತೀ, ಅದಕ್ಕ ಪತ್ರ. ಜರ್ಮನಿಯವ್ರು ಕಂಪ್ಯೂಟರ್‌ನವ್ರಿಗೆ ಕೊಡೋ ಗ್ರೀನ್ ಕಾರ್ಡ್ ಮ್ಯಾಲ ಇಲ್ಲಿಗೆ ಹೊಂಟಾಗ ನೀ ಅವಗ ಹೇಳಿದ ಮಾತು ನನಗೂ ನೆನಪೈತಿ: "ರಿಗ್ ಬಿಟ್ಟು ಹೋಗು. ಕಂಪ್ಯೂಟರ್ ಒತ್ತಿದ್ರ ನೀರು ಬರೂದಿಲ್ಲ." ಮೂರು ವರ್ಷ ಆತು ಅಜ್ಜಾ, ನೀವಿಬ್ರೂ ಮಾತಾಡಿಲ್ಲ.

ಈಗ ಕೇಳು. ಅಪ್ಪ ಇಲ್ಲಿ ಕೆಲಸ ಮಾಡೋ ಬೋರಿಗೆ ನೀರು ಬಿತ್ತು! ಹತ್ತು ಸಾವಿರ ಫೂಟ್! ನಿನ್ನ ಎಂಟುನೂರು ಫೂಟಿನ ಬೋರ್ ಹನ್ನೆರಡು ಜೋಡಿಸಿದ್ರೂ ಮುಟ್ಟೂದಿಲ್ಲ. ಪಂಪ್ ನಡೆಸೋ ಸಾಫ್ಟ್‌ವೇರ್ ನಮ್ಮಪ್ಪಂದು. ಬಂದ ನೀರು ಕುದಿಯೋ ನೀರಿಗಿಂತ ಬಿಸಿ. ನೀರಿಗಿಂತ ಬೇಗ ಆವಿ ಆಗೋ ಒಂದು ದ್ರವಕ್ಕ ಆ ಬಿಸಿ ಕೊಟ್ರ, ಅದರ ಆವಿ ಚಕ್ರ ತಿರುಗಿಸ್ತೈತಿ, ಕರೆಂಟ್! ಕಲ್ಲಿದ್ದಲಿಲ್ಲ, ಹೊಗಿ ಇಲ್ಲ. ಆಮ್ಯಾಲ ಇನ್ನೊಂದು ಬೋರ್ ಹೊಡೆದು ನೀರು ವಾಪಸ್ ಭೂಮಿಗೇ ಬಿಡ್ತಾರ. ಹೌದಜ್ಜಾ, ಬಂದ ನೀರು ವಾಪಸ್! ನಿನ್ನ ಎದಿ ಝಲ್ ಅಂದಿರಬೇಕು. ಇಲ್ಲಿರೋ ಕನ್ನಡದವ್ರ ಇಂಟರ್ನೆಟ್ ಚಾಟ್‌ನಾಗ ಇದನ್ನ ಹಾಕಿದೆ. ಇಲ್ಲೇ ಆಖೆನ್ ಅನ್ನೋ ಊರಾಗ ಓದೋ ಒಬ್ಬ ಹುಡುಗ "ಸಾಫ್ಟ್‌ವೇರ್‌ನವ್ರಿಗೆ ಬೋರ್ ಏನ್ ಗೊತ್ತು ಗುರು" ಅಂದ. "ನಮ್ಮಜ್ಜ ರೋಣದ ಬಸಲಿಂಗಯ್ಯ, ಎರಡು ಸಾವಿರ ಬೋರ್ ಹೊಡೆದಾನ, ನಮ್ಮಪ್ಪ ಆ ರಿಗ್ ಮ್ಯಾಲೇ ಬೆಳೆದಾನ" ಅಂತ ಟೈಪ್ ಮಾಡಿದೆ. ಮರುಕ್ಷಣ ಅವ ಲಾಗ್‌ಔಟ್!

ನೀರು ಬಂದ ದಿನ ನಮ್ಮನ್ನೂ ಕರೆದಿದ್ರು. ಎಲ್ಲಾರೂ ಸ್ಕ್ರೀನ್ ನೋಡಾಕತ್ತಿದ್ರ ಅಪ್ಪ ಮಾತ್ರ ನಳದ ಹತ್ರ, ಕೈಯಾಗ ನಮ್ಮ ಮನೀ ಸ್ಟೀಲ್ ಗ್ಲಾಸು. ಹೊಸ ಬೋರಿನ ಮೊದಲ ನೀರು ಬಾಯಾಗ ಹಾಕಿ ನೋಡಬೇಕು ಅನ್ನೋದು ನಿನ್ನ ಪದ್ಧತಿ ಅಲ್ಲೇನು? ಊದಿ ಊದಿ ಒಂದು ಗುಟುಕು ಕುಡಿದೇಬಿಟ್ಟ. ಕೊಳೆತ ತತ್ತಿ ವಾಸನಿ, ಸುಟ್ಟ ನಾಲಿಗಿ, ಎರಡು ದಿನ ಬರೇ ಮಜ್ಜಿಗಿ ಅನ್ನ! ಬೋರ್ ಮೇಸ್ತ್ರಿ ಕ್ಲೌಸ್ ಅಂತ ಒಬ್ಬ ಮುದುಕ, ಥೇಟ್ ನಿನ್ನಂಗ ಬೈದ. ಇದು ನಮ್ಮಪ್ಪನ ಪದ್ಧತಿ ಅಂತ ಅಪ್ಪ ಅವಗ ಹೇಳಿದ. ಕ್ಲೌಸ್ ಹೆಲ್ಮೆಟ್ ತಗದು, ಅದೇ ಗ್ಲಾಸಿನಾಗ ತಾನೂ ಒಂದು ಗುಟುಕು ಕುಡಿದ. ಆಗ ಅಪ್ಪನ ಮುಖ ನೀ ನೋಡಬೇಕಿತ್ತು. ನೀರು ಬಿದ್ದಾಗ ನಿನ್ನ ಮುಖ ಆಗ್ತಿತ್ತಲ್ಲ, ಹಂಗಾಗಿತ್ತು.

ಅತ್ತಿಗೂ ರಿಗ್ ಹುಡುಗರಿಗೂ ನನ್ನ ಶರಣು ಹೇಳು. ಮೊಣಕಾಲಿಗೆ ಎಣ್ಣಿ ಹಚ್ಚೂದು ಮರೀಬ್ಯಾಡ.

ನಿನ್ನ ಮೊಮ್ಮಗಳು,
ಪವಿ

ತಾ.ಕ.: ಅಪ್ಪಗ ಗೊತ್ತಿಲ್ಲದಂಗ ಬರೆಯಾಕತ್ತೀನಿ. ಆ ದಿನ ಒಂದು ಬಾಟ್ಲಿ ತುಂಬಿಸ್ಕೊಂಡು ಬಂದು ದೇವರ ಮುಂದ ಇಟ್ಟಾನ. "ಮೊದಲ ಗುಟುಕು ರಿಗ್ ಮಾಲಕಂದು, ನಾ ಅವಸರ ಮಾಡಿದೆ. ನನ್ನ ಮಾಲಕ ರೋಣದಾಗ ಅದಾನ" ಅಂತಾನ. ಡಿಸೆಂಬರ್‌ಗೆ ಆ ಬಾಟ್ಲಿ ತಗೊಂಡು ಬರ್ತೀವಿ. ನೀ ಬಾಗಿಲು ತೆಗೀತೀಯೋ ಇಲ್ಲೋ ಅಂತ ಕೇಳಾಕ ಅವ ಅಂಜತಾನ, ನಾ ಕೇಳಾಕತ್ತೀನಿ. ಒಂದು ಗುಟುಕು ಕುಡಿ ಅಜ್ಜಾ. ಕುಡಿದು "ಥೂ, ಇದೂ ಒಂದು ನೀರೇನಲೇ" ಅಂತ ಅಪ್ಪಗ ಬೈದ್ರೂ ಸಾಕು.